ನಮ್ಮ ಕಡೆಯ ಕೈನೋವಿನ ಚರಿತ್ರೆ

ವಾಚನಾಲಯದ ಹುಡುಗರು ಬಂದು, "ಈ ಸಲದ ಪುಸ್ತಕಕ್ಕೆ ಒಂದು ಚರಿತ್ರೆ ಲೇಖನ ಬರೆದುಕೊಡಿ ತಾತ" ಅಂದಾಗ, ಹೇಮಾವತಿಯ ನೊಳಂಬರ ಬಗ್ಗೆ ಬರೀತೀನಿ ಅಂತ ಒಪ್ಪಿಕೊಂಡಿದ್ದೆ. ಬರೆಯೋಕೆ ಕೂತರೆ ಎರಡು ಪುಟಕ್ಕೇ ಹೆಬ್ಬೆರಳಿನ ಬುಡದಲ್ಲಿ ಚಳುಕು ಹೊಡೀತು. ಪೆನ್ನು ಕೆಳಗಿಟ್ಟು ಕೈ ಒದರಿಕೊಂಡೆ. ಆವಾಗ ಒಂದು ಯೋಚನೆ ಬಂತು. ಆ ನೊಳಂಬರ ಕಂಬ ಕಡೆದವರ ಕೈ ನೊಂದಿರಲಿಲ್ಲವೇ?

ನಾನು ಓದಿದ್ದು ಏಳನೇ ಕ್ಲಾಸು. ಹೊಲ ಮಾಡಿದ್ದೀನಿ, ತಂಬೂರಿ ಹಿಡಿದು ಪದ ಹಾಡಿದ್ದೀನಿ. ರಾಜರ ಚರಿತ್ರೆ ಮೇಷ್ಟ್ರುಗಳು ನನಗಿಂತ ಚೆನ್ನಾಗಿ ಬರೀತಾರೆ. ನಾನು ಕಂಡ ಚರಿತ್ರೆ ಬೇರೆ. ನಮ್ಮ ಜನದ ಕೈ ಯಾವ ಯಾವ ಕಾಲದಲ್ಲಿ ಯಾಕೆ ನೊಂದವು, ಆ ನೋವಿಗೆ ಏನು ಮಾಡಿಕೊಂಡರು, ಅದನ್ನೇ ಬರೀತೀನಿ. ತಪ್ಪಿದ್ದರೆ ತಿದ್ದಿಕೊಳ್ಳಿ.

ಹೇಮಾವತಿ ನಮ್ಮ ಅಮರಾಪುರ ಮಂಡಲದ್ದೇ ಊರು. ಹಿಂದೆ ಅದಕ್ಕೆ ಹೆಂಜೇರು ಅಂತ ಹೆಸರು, ನೊಳಂಬರ ರಾಜಧಾನಿ. ಅಲ್ಲಿನ ಕರಿಕಲ್ಲಿನ ಕಂಬದ ಮೇಲೆ ಕೈಯಾಡಿಸಿ ನೋಡಿ, ಗಾಜಿನ ಹಾಗೆ ನುಣುಪು. ಅಲ್ಲಿಯ ಕೆಲಸದ ಚೆಂದಕ್ಕೆ ಕೆಲವು ಕಂಬಗಳು ತಮಿಳುನಾಡಿನ ತಿರುವೈಯಾರಿನ ಗುಡಿಗೆ ಹೋದವು, ಕೆಲವು ಮದರಾಸಿನ ಮ್ಯೂಸಿಯಂ ಸೇರಿದವು. ಅಂಥ ಕಲ್ಲನ್ನು ಉಳಿಯಿಂದ ಬಿಡಿಸಿ, ತಿಂಗಳುಗಟ್ಟಲೆ ಉಜ್ಜಿ ಉಜ್ಜಿ ನುಣುಪು ಮಾಡಿದ ಕೈಗೆ ಮಣಿಕಟ್ಟು ಹಿಡಿಯದೆ ಇರುತ್ತದೆಯೇ? ಶಾಸನದಲ್ಲಿ ರಾಜನ ಬಿರುದು ಬರುತ್ತದೆ, ಕೊಟ್ಟ ಭೂಮಿಯ ಲೆಕ್ಕ ಬರುತ್ತದೆ. ಕೈನೋವಿನ ಮಾತು ಶಾಸನ ಬರೆಸೋರಿಗೆ ಬೇಕಿರಲಿಲ್ಲ. ಅದಕ್ಕೇ ಈ ಚರಿತ್ರೆಯನ್ನು ನನಗೆ ನೆನಪಿರುವಲ್ಲಿಂದ ಶುರು ಮಾಡಬೇಕಾಗಿದೆ.

ಬೀಸೋ ಕಲ್ಲಿನ ಕಾಲ

ನಾನು ಹುಡುಗನಾಗಿದ್ದಾಗ, ಅಂದರೆ 1960ರ ದಶಕದಲ್ಲಿ, ನಮ್ಮವ್ವ ಕೋಳಿ ಕೂಗೋಕೆ ಮುಂಚೆ ಎದ್ದು ರಾಗಿ ಬೀಸೋಕೆ ಕೂರುತ್ತಿದ್ದಳು. ಎದುರಿಗೆ ಚಿಕ್ಕವ್ವ. ಕಲ್ಲಿನ ಗೂಟ ಒಂದು, ಅದಕ್ಕೆ ಕೈ ಎರಡು. ಒಬ್ಬಳು ಒಂದು ಸಾಲು ಎತ್ತಿದರೆ ಇನ್ನೊಬ್ಬಳು ಅದನ್ನೇ ಹಿಡಿದು ಮುಂದಕ್ಕೆ ಒಯ್ಯೋಳು. ಕಲ್ಲಿನ ಬಾಯಿಗೆ ಹಿಡಿ ರಾಗಿ ಹಾಕೋದು, ಮತ್ತೆ ತಿರುಗಿಸೋದು. ಪದ ಮುಗಿದಾಗ ಬಲಗೈ ಬಿಟ್ಟು ಎಡಗೈ ಹಾಕೋರು. ಆಮೇಲೆ ಬೇರೆ ಪದ.

ಆವಾಗ ನನಗೆ ಅದು ಬರೀ ಹಾಡು. ಕೌದಿ ಹೊದ್ದು ಕೇಳುತ್ತಾ ಮಲಗಿರುತ್ತಿದ್ದೆ. ಎಷ್ಟೋ ವರ್ಷ ಆದಮೇಲೆ, ನಾನೇ ಆ ಪದಗಳನ್ನು ಊರೂರಿಗೆ ಹೋಗಿ ಹಾಡಿದ ಮೇಲೆ, ಅದರ ಗುಟ್ಟು ತಿಳೀತು. ಬೀಸೋ ಪದ ಬಹುಪಾಲು ತ್ರಿಪದಿ. ಮೂರು ಸಾಲಿಗೆ ಉಸಿರು ನಿಲ್ಲುತ್ತದೆ. ಉಸಿರು ನಿಂತಲ್ಲಿ ಕೈಯೂ ಒಂದು ಕ್ಷಣ ಸಡಿಲ ಆಗುತ್ತದೆ. ಇನ್ನೊಬ್ಬಳು ಹಾಡುವಾಗ ಅವಳ ಕೈ ಬಲ ಹಾಕುತ್ತದೆ, ಇವಳ ಕೈ ಬರೀ ಜೊತೆಗೆ ಸುತ್ತುತ್ತದೆ. ಕಪಿಲೆ ಹೊಡೆಯೋನ ಹಾಡೂ ಹಾಗೇ ಇತ್ತು. ಎತ್ತು ಹಿಂದಕ್ಕೆ ಬರೋವರೆಗೆ ಒಂದು ರಾಗ, ಬಾನಿ ನೀರು ಸುರಿಯೋವಾಗ ಒಂದು ಬಿಡುವು. ಕಳೆ ಕೀಳೋರು, ನಾಟಿ ಹಾಕೋರು, ಎಲ್ಲರ ಕೆಲಸಕ್ಕೂ ಪದದ ಅಳತೆ ಇತ್ತು.

ಹಂಗಂತ ಆ ಕಾಲ ಸುಖದ್ದು ಅಂತ ನಾನು ಹೇಳಲ್ಲ. ಹೆಂಗಸರ ಬೆನ್ನು, ಭುಜ, ಕೈ ಎಲ್ಲಾ ಸವೆದದ್ದು ಆ ಕಲ್ಲಿಗೇ. ನಮ್ಮವ್ವನ ಬೆರಳುಗಳ ತುದಿ ಗೆಣ್ಣಿನಲ್ಲಿ ಗಂಟು ಕಟ್ಟಿದ್ದವು. ಕೊನೆಗಾಲದಲ್ಲಿ ಕೈಯಲ್ಲಿದ್ದ ಉಂಗುರ ತೆಗೆಯೋಕೆ ಆಗದೆ ಕತ್ತರಿಸಬೇಕಾಯಿತು. ಆ ಗಂಟಿಗೆ ಡಾಕ್ಟರುಗಳು ಹೆಬರ್ಡನ್ ಗಂಟು ಅಂತಾರೆ. ವಿಲಿಯಂ ಹೆಬರ್ಡನ್ ಅನ್ನೋ ಇಂಗ್ಲೆಂಡಿನ ವೈದ್ಯ ಅದರ ಬಗ್ಗೆ ಬರೆದದ್ದು 1802ರಲ್ಲಿ ಅಚ್ಚಾಯಿತು. ಬಟಾಣಿ ಕಾಳಿನಷ್ಟು ಗಂಟು ಅಂತ ಅವನು ಕಂಡಿದ್ದನ್ನೇ ನಮ್ಮವ್ವನ ಕೈಯಲ್ಲಿ ನಾನೂ ಕಂಡಿದ್ದೆ. ಅದು ವಯಸ್ಸಿನ ಜೊತೆ ಬರೋ ಕೀಲುಸವೆತ. ತಾಯಿಗೆ ಇದ್ದರೆ ಮಗಳಿಗೂ ಬರಬಹುದು.

ಆವತ್ತಿನ ಮದ್ದು ಅಂದರೆ ಹರಳೆಣ್ಣೆ ಬಿಸಿ ಮಾಡಿ ನೀವೋದು, ಹುಣಸೆ ಸೊಪ್ಪು, ಲಕ್ಕಿ ಸೊಪ್ಪು ಕುದಿಸಿದ ನೀರಿನಲ್ಲಿ ಕೈ ಅದ್ದೋದು, ಉಪ್ಪಿನ ಗಂಟು ಕಾಯಿಸಿ ಶಾಖ ಕೊಡೋದು. ಪಂಡಿತರು ಬಂದರೆ ವಾತ ಅನ್ನೋರು. ಆ ಮಾತು ಇವತ್ತಿನದಲ್ಲ. ಕೀಲು ಬಾತು ನೋಯೋದಕ್ಕೆ ಆಮವಾತ ಅಂತ ಹೆಸರಿಟ್ಟು ಬೇರೆ ರೋಗವಾಗಿ ವಿವರಿಸಿದ್ದು ಮಾಧವನಿದಾನ ಅನ್ನೋ ಗ್ರಂಥದಲ್ಲಿ. ಅದಕ್ಕೆ ಸಾವಿರ ವರ್ಷದ ಮೇಲಾಯಿತು. ಶಾಖಕ್ಕೆ ನೋವು ಇಳಿಯುತ್ತದೆ, ಅದು ಸುಳ್ಳಲ್ಲ. ಆದರೆ ನೋವು ತಂದ ಕೆಲಸ ಮಾರನೇ ದಿನ ಹಾಗೇ ಕಾದಿರುತ್ತಿತ್ತು.

ಅಳತೆ ಕೂಲಿಯ ಕಾಲ

ಊರಿಗೆ ಕರೆಂಟು ಬಂತು. ಹಿಟ್ಟಿನ ಗಿರಣಿ ಬಂತು. ಬೀಸೋ ಕಲ್ಲು ಮೂಲೆ ಸೇರಿತು. ಬೋರು, ಮೋಟಾರು ಬಂದು ಕಪಿಲೆ ಬಾವಿ ಹಾಳುಬಿತ್ತು. ಹೆಂಗಸರ ಕೈಗೆ ಬಿಡುವು ಸಿಕ್ಕಿತು ಅಂತ ಎಲ್ಲರೂ ಅಂದುಕೊಂಡೆವು. ಸಿಕ್ಕಿದ್ದು ಕೆಲವೇ ವರ್ಷ.

ಅದೇ ಹೊತ್ತಿಗೆ ನಮ್ಮ ಜಿಲ್ಲೆಯ ಹೊಲಗಳಲ್ಲಿ ನವಣೆ, ಸಜ್ಜೆ, ಹಾರಕ ಹಿಂದೆ ಸರಿದು ಕಡ್ಲೇಕಾಯಿ ಬಂತು. ಅನಂತಪುರ ಅಂದರೆ ಕಡ್ಲೇಕಾಯಿ ಅನ್ನೋ ಹಂಗಾಯಿತು. ಕಡ್ಲೇಕಾಯಿ ಅಂದರೆ ಪೂರ್ತಿ ಬೆರಳಿನ ಬೆಳೆ. ಗಿಡ ಕೀಳೋದು ಕೈ, ಗಿಡದಿಂದ ಕಾಯಿ ಬಿಡಿಸೋದು ಕೈ. ಬಿತ್ತನೆಗೆ ಬೀಜ ಬೇಕು ಅಂದರೆ ಮಿಷನ್ನಿಗೆ ಹಾಕಿದರೆ ಸಿಪ್ಪೆ ಹೋಗಿ ಬೇಳೆ ಒಡೆದು ಮೊಳಕೆ ಕೆಡುತ್ತದೆ ಅಂತ ಅದನ್ನೂ ಕೈಯಲ್ಲೇ ಸುಲಿಸೋದು. ಮುಂಗಾರಿಗೆ ಮುಂಚೆ ಒಂದು ತಿಂಗಳು ಪ್ರತಿ ಜಗಲಿ ಮೇಲೂ ಹೆಂಗಸರು, ಮಕ್ಕಳು ಕಾಯಿ ಸುಲೀತಾ ಕೂತಿರೋರು. ಹೆಬ್ಬೆರಳು, ತೋರುಬೆರಳಲ್ಲಿ ಅಮುಕಿ ಟಕ್ ಅನ್ನಿಸೋದು. ಒಂದು ಸೇರು ಬೀಜಕ್ಕೆ ಸಾವಿರಗಟ್ಟಲೆ ಸಲ ಅಮುಕಬೇಕು. ಬೆರಳ ತುದಿ ಸಿಗಿದು ರಕ್ತ ಬಂದರೆ ಬಟ್ಟೆ ಸುತ್ತಿಕೊಂಡು ಮತ್ತೆ ಅಮುಕೋರು.

ಇದರ ಕೂಲಿ ಅಳತೆ ಮೇಲೆ. ಇಷ್ಟು ಸೇರಿಗೆ ಇಷ್ಟು ದುಡ್ಡು. ನಿಂತರೆ ದುಡ್ಡು ಹೋಯಿತು. ಮೊದಮೊದಲು ಕೆಲವರು ಕಾಯಿ ಸುಲಿಯೋವಾಗಲೂ ಪದ ಹೇಳಿದರು. ಆಮೇಲೆ ಯಾರೂ ಹೇಳಲಿಲ್ಲ. ಪದ ಹೇಳಿದರೆ ಕೈ ನಿಧಾನ ಆಗುತ್ತದೆ. ಹೀಗೆ ನಮ್ಮ ಕೆಲಸದಿಂದ ಹಾಡು ಹೋಯಿತು, ಅದರ ಜೊತೆ ಬಿಡುವೂ ಹೋಯಿತು. ಇದು ಈ ಲೇಖನದಲ್ಲಿ ನಾನು ಹೇಳಬೇಕಾದ ಮುಖ್ಯವಾದ ಮಾತು. ಮೊದಲಿನ ಕೆಲಸ ಭಾರದ್ದು, ನಡುವೆ ಉಸಿರಾಡೋಕೆ ಜಾಗ ಇತ್ತು. ಆಮೇಲಿನ ಕೆಲಸ ಹಗುರ, ಆದರೆ ಬಿಡುವಿಲ್ಲ. ಕೈಗೆ ಹಗುರವಾದ ಕೆಲಸವೇ ಹೆಚ್ಚು ಹೊಡೆತ ಕೊಟ್ಟಿತು.

ರೇಷ್ಮೆಯೂ ಹಂಗೇ. ಮಡಕಶಿರಾ, ಹಿಂದೂಪುರದ ಕಡೆ ಹಿಪ್ಪುನೇರಳೆ ಬಂದಮೇಲೆ ಬೆಳಗಾದರೆ ಸೊಪ್ಪು ಕೀಳೋದು, ಹುಳ ಹಣ್ಣಾದಾಗ ಒಂದೊಂದೇ ಆರಿಸಿ ಚಂದ್ರಿಕೆಗೆ ಹಾಕೋದು. ನೂಲು ಬಿಚ್ಚೋ ಕಡೆ ಬಿಸಿನೀರಿನಲ್ಲಿ ದಿನವೆಲ್ಲಾ ಬೆರಳು. ಅಡಿಕೆ ತೋಟ ಮಾಡಿದ ಮನೆಗಳಲ್ಲಿ ಅಡಿಕೆ ಸುಲಿಯೋ ಕೆಲಸ. ಎಲ್ಲವೂ ಬೆರಳಿನ ತುದಿಯ ದುಡಿಮೆ.

2006ರ ಜ್ವರ

ಈ ಚರಿತ್ರೆಯಲ್ಲಿ ಯಾರೂ ಮರೆಯದ ವರ್ಷ 2006. 2005ರ ಕೊನೆಗೆ ಆಂಧ್ರ, ಕರ್ನಾಟಕದ ಕಡೆ ಕಾಣಿಸಿಕೊಂಡ ಚಿಕುನ್‌ಗುನ್ಯಾ ಜ್ವರ ನಮ್ಮ ಊರುಗಳಿಗೂ ಬಂತು. ಮೂರು ದಿನ ಜ್ವರ. ಅದು ಬಿಟ್ಟ ಮೇಲೆ ಮಣಿಕಟ್ಟು, ಬೆರಳ ಗೆಣ್ಣು, ಹಿಮ್ಮಡಿ ಹಿಡಿದುಕೊಂಡು ತಿಂಗಳುಗಟ್ಟಲೆ ಬಿಡಲಿಲ್ಲ. ಚೊಂಬು ಎತ್ತೋಕೆ ಎರಡು ಕೈ ಬೇಕಾಗಿತ್ತು. ಮುದ್ದೆ ತೊಳಸೋಕೆ ಗಂಡಸರನ್ನು ಕರೆದ ಮನೆಗಳಿವೆ. ನಾನು ಆ ವರ್ಷ ಶಿವರಾತ್ರಿಗೆ ತಂಬೂರಿ ಮೀಟೋಕೆ ಆಗದೆ ಬರೀ ಬಾಯಲ್ಲಿ ಪದ ಹೇಳಿದೆ.

ಹೆಸರು ಕೇಳಿ ಜನ ಅದನ್ನು ಚಿಕನ್ ಜ್ವರ ಅಂತ ತಿಳಿದು ಕೋಳಿ ತಿನ್ನೋದು ಬಿಟ್ಟರು. ಕೋಳಿಗೂ ಅದಕ್ಕೂ ಸಂಬಂಧವೇ ಇಲ್ಲ. ಅದು ಆಫ್ರಿಕಾದ ತಾಂಜಾನಿಯ ಕಡೆಯ ಮಾಕೊಂಡೆ ಜನರ ಮಾತು. ನೋವಿಗೆ ಬಾಗಿ ಮುದುರಿಹೋಗೋದು ಅಂತ ಅದರ ಅರ್ಥ. 1952ರಲ್ಲಿ ಅಲ್ಲಿ ಆ ಜ್ವರ ಹಬ್ಬಿದಾಗ ಬಂದ ಹೆಸರು. ನಮ್ಮ ದೇಶದಲ್ಲಿ 1963ರಲ್ಲಿ ಕಲ್ಕತ್ತೆಯಲ್ಲಿ, 1973ರಲ್ಲಿ ಮಹಾರಾಷ್ಟ್ರದ ಬಾರ್ಶಿಯಲ್ಲಿ ಕಂಡು, ಆಮೇಲೆ ಮೂವತ್ತು ವರ್ಷ ಸದ್ದಿಲ್ಲದೆ ಇದ್ದು ಮತ್ತೆ ಬಂತು. 2006ರಲ್ಲಿ ದೇಶದಲ್ಲೆಲ್ಲಾ ಸುಮಾರು 13 ಲಕ್ಷ 90 ಸಾವಿರ ಜನಕ್ಕೆ ಬಂದಿರಬಹುದು ಅಂತ ಸರ್ಕಾರದ ಲೆಕ್ಕ. ಅದರಲ್ಲಿ ಅರ್ಧಕ್ಕೂ ಹೆಚ್ಚು ಕರ್ನಾಟಕದ್ದೇ.

ಅದನ್ನು ಹರಡೋದು ಹಗಲು ಕಚ್ಚೋ ಸೊಳ್ಳೆ. ಅದು ಮೊಟ್ಟೆ ಇಡೋದು ಮನೆಯ ಒಳ್ಳೆ ನೀರಿನಲ್ಲೇ. ನಮ್ಮದು ಬರದ ಸೀಮೆ. ನಲ್ಲಿ ನೀರು ಬಂದ ದಿನ ತೊಟ್ಟಿ, ಡ್ರಮ್ಮು, ಬಿಂದಿಗೆ ಎಲ್ಲಾ ತುಂಬಿಸಿ ವಾರ ಇಟ್ಟುಕೊಳ್ಳುತ್ತೀವಿ. ನೀರಿಲ್ಲದ ಊರಿಗೆ ನೀರು ಕೂಡಿಟ್ಟದ್ದೇ ಜ್ವರ ತಂದಿತು. ಅದಕ್ಕೆ ಇವತ್ತಿಗೂ ಬೇರೆ ಮದ್ದಿಲ್ಲ. ವಿಶ್ರಾಂತಿ, ನೀರು ಕುಡಿಯೋದು, ಡಾಕ್ಟರು ಹೇಳಿದಷ್ಟು ಪ್ಯಾರಾಸಿಟಮಾಲ್, ವಾರಕ್ಕೊಮ್ಮೆ ತೊಟ್ಟಿ ಉಜ್ಜಿ ಒಣಗಿಸೋದು, ಅಷ್ಟೇ.

ನಮ್ಮ ಮನೆಯ ಮಾತು

ಆ ಜ್ವರ ಹೋದಮೇಲೆ ಒಂದು ಕೆಟ್ಟ ಅಭ್ಯಾಸ ಉಳಿಯಿತು. ಯಾರಿಗೆ ಕೈ ನೋವು ಬಂದರೂ "ಅದೇ ಜ್ವರದ್ದು ಉಳಿದೈತೆ" ಅನ್ನೋದು. ನಮ್ಮ ಮನೆಯಲ್ಲಿ ಕೆಟ್ಟದ್ದು ಅಲ್ಲೇ.

ಜ್ವರ ಬಂದು ಮೂರು ನಾಲ್ಕು ವರ್ಷ ಆಗಿತ್ತು. ನಮ್ಮನೆಯವಳು ರಾತ್ರಿ ಎದ್ದು ಕೂತು ಕೈ ಒದರೋಕೆ ಶುರು ಮಾಡಿದಳು. ಬೆರಳು ಜೋಮು ಹಿಡೀತದೆ, ಇರುವೆ ಹರಿದಂಗೆ ಆಗುತ್ತದೆ, ಒದರಿದರೆ ವಾಸಿ ಅನ್ನೋಳು. ನಾನು "ಜ್ವರದ್ದೇ ಕಣೆ, ಹೋಗ್ತದೆ" ಅಂದೆ. ಬೆಳಿಗ್ಗೆ ಎದ್ದು ಕಾಯಿ ಸುಲಿಯೋಕೆ ಹೋಗೋಳು. ಗಾಳಿ ಸೋಕು ಇರಬಹುದು ಅಂತ ಯಾರೋ ಅಂದರು, ತಾಯಿತ ಕಟ್ಟಿಸಿದೆವು. ಇನ್ನೊಬ್ಬರು ಬರೆ ಹಾಕಿಸಿ ಅಂದರು. ಮಣಿಕಟ್ಟಿನ ಮೇಲೆ ಕಾದ ಕಬ್ಬಿಣದಲ್ಲಿ ಎರಡು ಬರೆ. ಹಾಕಿಸಿದವನು ನಾನೇ. ಆ ಗಾಯ ಕೀವು ತುಂಬಿ ಒಂದು ತಿಂಗಳು ನರಳಿದಳು. ಜೋಮು ಹಂಗೇ ಇತ್ತು.

ಅದೇ ವರ್ಷ ಒಂದು ಊರಿನ ಉತ್ಸವದಲ್ಲಿ ನಾನು ಬೀಸೋ ಪದ ಹಾಡಿದೆ. ಶಾಲು ಹೊದಿಸಿದರು. ಕಲ್ಲು ಬೀಸೋ ಹೆಣ್ಣಿನ ಕೈಯ ಬಗ್ಗೆ ಅಷ್ಟು ಚೆಂದ ಹಾಡಿದಿರಿ ಅಂತ ಹೊಗಳಿದರು. ಮನೆಗೆ ಬಂದೆ. ಅವಳು ಊಟಕ್ಕಿಟ್ಟಳು. ನೀರಿನ ಲೋಟ ಕೈಯಿಂದ ಜಾರಿ ಬಿತ್ತು. ಆ ತಿಂಗಳಲ್ಲಿ ಅದು ಎಷ್ಟನೆಯ ಲೋಟವೋ. ಅವಳು "ಸುಮ್ಕಿರಿ, ಒರೆಸ್ತೀನಿ" ಅಂದಳು. ಶಾಲು ನನ್ನ ಹೆಗಲ ಮೇಲೇ ಇತ್ತು.

ಮಾರನೇ ವಾರ ಪಟ್ಟಣದ ಒಬ್ಬ ಡಾಕ್ಟರ ಹತ್ತಿರ ಹೋದೆವು. ಅವರು ಮೊದಲು ಕೇಳಿದ್ದು, "ಏನಮ್ಮ ಕೆಲಸ ಮಾಡ್ತೀಯ?" ಅಂತ. ಅಲ್ಲಿವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ಕಾಯಿ ಸುಲಿಯೋದು, ಸೊಪ್ಪು ಕೀಳೋದು, ಹಾಲು ಕರೆಯೋದು ಅಂದಳು. "ಕಿರುಬೆರಳು ಜೋಮು ಹಿಡೀತದಾ?" ಇಲ್ಲ ಅಂದಳು. ಎರಡು ಕೈಯ ಹಿಂಬದಿ ಸೇರಿಸಿ, ಮಣಿಕಟ್ಟು ಬಗ್ಗಿಸಿ ಒಂದು ನಿಮಿಷ ಹಿಡಿ ಅಂದರು. ಅರ್ಧ ನಿಮಿಷಕ್ಕೇ ಬೆರಳು ಜುಮ್ ಅಂದವು. ಮಣಿಕಟ್ಟಿನಲ್ಲಿ ಒಂದು ಕಿರುದಾರಿ ಇದೆ, ಅದರಲ್ಲಿ ಬೆರಳು ಮಡಿಸೋ ಒಂಬತ್ತು ಸ್ನಾಯುದಾರ, ಒಂದು ನರ ಹೋಗುತ್ತವೆ, ದಾರಗಳು ಬಾತು ಜಾಗ ಇಕ್ಕಟ್ಟಾಗಿ ನರ ನಲುಗಿದೆ ಅಂತ ಕಾಗದದ ಮೇಲೆ ಬರೆದು ತೋರಿಸಿದರು. ಕೆಲಸದಿಂದ ಬರಬಹುದು, ಸಕ್ಕರೆ ಕಾಯಿಲೆ, ಥೈರಾಯಿಡ್ ಇದ್ದರೂ ಬರಬಹುದು, ಬಸುರಿಯರಿಗೂ ಬರುತ್ತದೆ ಅಂದರು. ಇದರ ಹೆಸರು ಕಾರ್ಪಲ್ ಟನಲ್.

ಆಮೇಲೆ ಹೇಳಿದ ಮಾತು ನನಗೆ ಬರೆ ಇಟ್ಟಂಗಾಯಿತು. "ಮೊದಲೇ ಬಂದಿದ್ದರೆ ರಾತ್ರಿ ಒಂದು ಪಟ್ಟಿ ಕಟ್ಟಿದ್ದರೂ ಸಾಕಾಗ್ತಿತ್ತು. ಈಗ ಹೆಬ್ಬೆರಳ ಬುಡದ ಮಾಂಸ ಇಳಿದುಹೋಗಿದೆ." ಸಣ್ಣ ಆಪರೇಶನ್ ಆಯಿತು. ರಾತ್ರಿ ಜೋಮು ನಿಂತಿತು. ಆದರೆ ಇಳಿದ ಮಾಂಸ ಪೂರ್ತಿ ಬರಲಿಲ್ಲ. ಇವತ್ತಿಗೂ ಅಕ್ಕಿಯಲ್ಲಿನ ಕಲ್ಲು ಆರಿಸೋಕೆ ಅವಳ ಬಲಗೈಗೆ ಆಗಲ್ಲ. ನಾನು ಆರಿಸಿಕೊಡ್ತೀನಿ.

ಕೆಲಸ ಯಾವುದು ಅಂತ ಕೇಳಿದವರು

ಆ ಡಾಕ್ಟರು ಕೇಳಿದ ಪ್ರಶ್ನೆಗೂ ಒಂದು ಚರಿತ್ರೆ ಇದೆ. ನಮ್ಮ ವಾಚನಾಲಯಕ್ಕೆ ಬರೋ ಮೇಷ್ಟ್ರೊಬ್ಬರು ಓದಿ ಹೇಳಿದರು. ಇಟಲಿಯಲ್ಲಿ ಬರ್ನಾರ್ಡಿನೊ ರಮಾಝಿನಿ ಅನ್ನೋ ವೈದ್ಯ ಇದ್ದ. ತನ್ನ ಮನೆಯ ಕಕ್ಕಸುಗುಂಡಿ ತೋಡೋ ಕೂಲಿಯವನು ಯಾಕೆ ಅಷ್ಟು ಅವಸರ ಮಾಡ್ತಾನೆ ಅಂತ ವಿಚಾರಿಸಿದಾಗ, ಅವನ ಕಣ್ಣು ಆ ಕೆಲಸದಿಂದ ಹಾಳಾಗುತ್ತಿರೋದು ಗೊತ್ತಾಯಿತು. ಅಲ್ಲಿಂದ ಅಂಗಡಿ, ಗಣಿ, ಮಗ್ಗ ಎಲ್ಲಾ ಸುತ್ತಿ, ಯಾವ ಕಸುಬಿಗೆ ಯಾವ ಕಾಯಿಲೆ ಅಂತ 1700ರಲ್ಲಿ ಒಂದು ಪುಸ್ತಕ ಬರೆದ. ವೈದ್ಯನಾದವನು ರೋಗಿಯ ಕಸುಬು ಯಾವುದು ಅಂತ ಕೇಳಲೇಬೇಕು ಅಂತ ಹೇಳಿದವನು ಅವನೇ. 1713ರಲ್ಲಿ ಆ ಪುಸ್ತಕ ಬೆಳೆಸಿದಾಗ ಬರಹಗಾರರ ಕೈನೋವಿನ ಬಗ್ಗೆಯೂ ಸೇರಿಸಿದ. ಒಬ್ಬ ಪತ್ರ ಬರೆಯೋ ಕಸುಬಿನವನಿಗೆ ಬಲಗೈ ಸೋತುಹೋಯಿತಂತೆ. ಅವನು ಎಡಗೈಯಲ್ಲಿ ಬರೆಯೋದು ಕಲಿತ. ಸ್ವಲ್ಪ ದಿನಕ್ಕೆ ಎಡಗೈಗೂ ಅದೇ ಬಂತು.

1850ರ ದಶಕದಲ್ಲಿ ಇಂಗ್ಲೆಂಡಿನ ಜೇಮ್ಸ್ ಪ್ಯಾಜೆಟ್ ಅನ್ನೋ ಶಸ್ತ್ರವೈದ್ಯ ಬರೆದದ್ದೂ ಹಾಗೇ. ಮಣಿಕಟ್ಟಿನ ಮೂಳೆ ಮುರಿದು ಕೂಡಿಕೊಂಡು ನರ ಒತ್ತಿದ ಒಬ್ಬನಿಗೆ ಮಣಿಕಟ್ಟು ಸಡಿಲವಾಗಿ ನಿಲ್ಲೋ ಹಾಗೆ ಕಟ್ಟಿದರೆ ವಾಸಿ, ಬಿಚ್ಚಿ ಕೆಲಸಕ್ಕೆ ಹೋದರೆ ಮತ್ತೆ ಶುರು. ನಮ್ಮನೆಯವಳಿಗೆ ಕೈ ಬಗ್ಗಿಸು ಅಂದ ಒಂದು ನಿಮಿಷದ ಪರೀಕ್ಷೆ ಅಮೆರಿಕದ ಜಾರ್ಜ್ ಫೇಲನ್ ಹೆಸರಿನದು, 1950ರ ದಶಕದ್ದು. ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಹಿಡಿಯೋ ನೋವನ್ನು 1895ರಲ್ಲಿ ಸ್ವಿಟ್ಜರ್ಲೆಂಡಿನ ಡಿ ಕ್ವೆರ್ವೇನ್ ವಿವರಿಸಿದ. ಅದಕ್ಕೂ ಮುಂಚೆಯೇ ಇಂಗ್ಲೆಂಡಿನಲ್ಲಿ ಅದಕ್ಕೆ ಅಗಸಗಿತ್ತಿಯ ಉಳುಕು ಅನ್ನೋರಂತೆ. ನನ್ನ ಹೆಬ್ಬೆರಳಿನದೂ ಅದೇ. ನೋಡಿ, ಯಾವ ದೇಶವಾದರೂ ಕೈನೋವಿನ ಹೆಸರು ಕೆಲಸದ ಹೆಸರೇ.

ಏನು ಮಾಡಬಹುದು

ನಾನು ಡಾಕ್ಟರಲ್ಲ. ಕೇಳಿ, ಪಟ್ಟು ತಿಳಿದದ್ದನ್ನು ಹೇಳ್ತೀನಿ.

ಬರೀ ದುಡಿಮೆಯ ನೋವಾದರೆ ಮೊದಲ ಮದ್ದು ಬಿಡುವು. ಗಂಟೆಗೊಂದು ಸಲ ಐದು ನಿಮಿಷ ಕೈ ಬಿಡಿ, ಬೆರಳು ಅಗಲಿಸಿ ಮಡಿಸಿ. ಸುಲಿಯೋ ಕೆಲಸವನ್ನೇ ದಿನಪೂರ್ತಿ ಮಾಡದೆ ನಡುವೆ ಬೇರೆ ಕೆಲಸ ಮಾಡಿ. ಕುಡುಗೋಲು ಮೊಂಡಾಗಿದ್ದರೆ ಕೈಗೆ ಎರಡರಷ್ಟು ಭಾರ, ಅದಕ್ಕೇ ಸಾಣೆ ಹಿಡಿಸಿ. ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ. ತಿನ್ನೋಕೆ, ಎಣ್ಣೆಗೆ ಆದ ಕಾಯಿಯನ್ನಾದರೂ ಕೈಯಲ್ಲಿ ತಿರುಗಿಸೋ ಮಿಷನ್ನಿಗೆ ಹಾಕಿ. ಬಿಸಿನೀರು, ಹರಳೆಣ್ಣೆ ಹಿತ ಕೊಡುತ್ತವೆ, ಮಾಡಿಕೊಳ್ಳಿ. ರಾತ್ರಿ ಜೋಮಿಗೆ ಮಣಿಕಟ್ಟು ನೆಟ್ಟಗೆ ಇರೋ ಹಾಗೆ ಪಟ್ಟಿ ಕಟ್ಟಿ ಮಲಗಿ.

ಬೆಳಿಗ್ಗೆ ಎದ್ದರೆ ಎರಡೂ ಕೈಯ ಗೆಣ್ಣು ಬಾತು ಒಂದು ಗಂಟೆಯಾದರೂ ಬಿಗಿ ಬಿಡದಿದ್ದರೆ ಅದು ಸಂಧಿವಾತ ಇರಬಹುದು. ಬೇಗ ಮದ್ದು ಶುರುವಾದರೆ ಬೆರಳು ಸೊಟ್ಟ ಆಗೋದು ತಪ್ಪುತ್ತದೆ. ಜೋಮಿನ ಜೊತೆ ಚರ್ಮದ ಮೇಲೆ ಸ್ಪರ್ಶ ಇಲ್ಲದ ಮಚ್ಚೆ ಇದ್ದರೆ ಸರ್ಕಾರಿ ಆಸ್ಪತ್ರೆಗೆ ತೋರಿಸಿ. ಕುಷ್ಠಕ್ಕೆ ಅಲ್ಲಿ ಮದ್ದು ಪುಕ್ಕಟೆ, ಪೂರ್ತಿ ವಾಸಿಯಾಗುತ್ತದೆ. ಎದೆ ಹಿಡಿದು ತೋಳು ಎಳೆದರೆ ಒಂದು ಗಳಿಗೆಯೂ ಕಾಯಬೇಡಿ. ಹೆಸರಿಲ್ಲದ ಪುಡಿ, ಮಾತ್ರೆ ಕೊಟ್ಟು ಒಂದೇ ದಿನದಲ್ಲಿ ನೋವು ಕಳೀತೀನಿ ಅನ್ನೋರನ್ನು ನಂಬಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದು ಮುಖ ಊದಿ, ಸಕ್ಕರೆ ಏರಿ ಮೂಳೆ ಸವೆದವರನ್ನು ಕಂಡಿದ್ದೀನಿ. ಬರೆ ಮಾತ್ರ ಯಾರಿಗೂ ಹಾಕಿಸಬೇಡಿ.

ಕೊನೆಗೆ ಒಂದು ಮಾತು. 2006ರ ಫೆಬ್ರವರಿ 2ರಂದು ಉದ್ಯೋಗ ಖಾತ್ರಿ ಕೆಲಸ ದೇಶದಲ್ಲಿ ಮೊದಲು ಶುರುವಾದದ್ದು ನಮ್ಮ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ. ಈಗ ನಮ್ಮನ್ನು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿಸಿದ್ದಾರೆ. ಜಿಲ್ಲೆ ಬದಲಾಯಿತು, ಗುದ್ದಲಿ ಹಿಡಿದ ಕೈ ಬದಲಾಗಲಿಲ್ಲ. ರೇಷನ್ನಿಗೆ ಹೋದರೆ ಮಿಷನ್ ಮೇಲೆ ಬೆರಳಿಡು ಅಂತಾರೆ. ಕಾಯಿ ಸುಲಿದು ಗೆರೆ ಸವೆದ ಮುದುಕಿಯರ ಬೆರಳು ಅದಕ್ಕೆ ಎಷ್ಟೋ ಸಲ ಗುರುತೇ ಸಿಗಲ್ಲ. ಮಿಷನ್ನಿಗೆ ಗೊತ್ತಾಗದಿದ್ದರೆ ಹೋಗಲಿ, ಮನೆಯವರಿಗಾದರೂ ಗೊತ್ತಾಗಬೇಕು. ಇವತ್ತು ರಾತ್ರಿ ನಿಮ್ಮ ಮನೆಯ ಹೆಂಗಸರ ಕೈ ಒಂದು ಸಲ ಹಿಡಿದು ನೋಡಿ, ಎಲ್ಲಿ ನೋಯ್ತದೆ ಅಂತ ಕೇಳಿ. ನಾನು ನಾಲ್ಕು ವರ್ಷ ತಡವಾಗಿ ಕೇಳಿದೆ.